ಸಹಿ ಹಾಕದ ಮೇಷ್ಟ್ರು

ಬ್ಯಾಂಕ್ ಪರೀಕ್ಷೆಗೆ ತಯಾರಿ ನಡೆಸುವ ಗೆಳೆಯರಿಗೆಲ್ಲ ಒಂದು ಬಗೆಯ ಪ್ರಶ್ನೆ ಚೆನ್ನಾಗಿ ಗೊತ್ತು. ಮೊದಲು ಒಂದು ಹೇಳಿಕೆ, ಅದರ ಕೆಳಗೆ ಎರಡು ಗೃಹೀತಗಳು. ಹೇಳಿಕೆಯೊಳಗೆ ಯಾವುದು ಅಡಗಿದೆ ಗುರುತಿಸಿ ಅಂತ ಕೇಳಿರುತ್ತಾರೆ. ಉದಾಹರಣೆಗೆ ಒಂದು ಅಂಗಡಿಯ ಬೋರ್ಡು ತಗೊಳ್ಳಿ: ಮಳೆಗಾಲ ಬಂತು, ಛತ್ರಿಗೆ ನಮ್ಮಲ್ಲಿಗೇ ಬನ್ನಿ. ಮಳೆಯಲ್ಲಿ ಜನ ಛತ್ರಿ ಹಿಡಿಯುತ್ತಾರೆ ಅನ್ನೋದು ಒಂದನೇ ಗೃಹೀತ. ಈ ಅಂಗಡಿಯಲ್ಲಿ ಛತ್ರಿ ಅಗ್ಗ ಅನ್ನೋದು ಎರಡನೆಯದು. ಒಂದನೆಯದನ್ನು ಸುಳ್ಳು ಅಂತ ಇಟ್ಟುಕೊಂಡು ನೋಡಿ, ಬೋರ್ಡಿಗೆ ಅರ್ಥವೇ ಉಳಿಯುವುದಿಲ್ಲ. ಎರಡನೆಯದು ಸುಳ್ಳಾದರೆ ಬೋರ್ಡಿಗೆ ಏನೂ ಆಗುವುದಿಲ್ಲ. ದುಬಾರಿ ಅಂಗಡಿಯವನೂ ಬನ್ನಿ ಅಂತಲೇ ಕರೆಯುತ್ತಾನೆ. ಹಾಗಾಗಿ ಅಡಗಿರುವುದು ಒಂದನೆಯದು ಮಾತ್ರ.

ಹೈಸ್ಕೂಲಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆ ಇದು ಹೊಸದೇನಲ್ಲ. ರೇಖಾಗಣಿತದ ಪ್ರಮೇಯ ಬರೆಯುವ ಕ್ರಮ ನೆನಪಿದೆಯಲ್ಲ? ದತ್ತ, ಸಾಧನೀಯ, ರಚನೆ, ಸಾಧನೆ. ದತ್ತದಲ್ಲಿ ಬರೆಯದ ಸಂಗತಿಯನ್ನು ಸಾಧನೆಯಲ್ಲಿ ಸುಮ್ಮನೆ ತಂದು ಸೇರಿಸಿದರೆ ಮೇಷ್ಟ್ರು ಕೆಂಪು ಗೀಟು ಎಳೆಯುತ್ತಿದ್ದರು. ಅಡಗಿದ ಗೃಹೀತ ಅಂದರೆ ಅಷ್ಟೇ; ದತ್ತದಲ್ಲಿ ಇಲ್ಲ, ಸಾಧನೆಯಲ್ಲಿ ಇದೆ. ಆದರೆ ಭಾಷಣದಲ್ಲಿ, ಜಾಹೀರಾತಿನಲ್ಲಿ, ಮನೆಯ ಜಗಳದಲ್ಲಿ ಯಾರೂ ದತ್ತ ಬರೆದು ಮಾತು ಶುರುಮಾಡುವುದಿಲ್ಲ. ಕೇಳುವವರೇ ಹುಡುಕಿ ತೆಗೆಯಬೇಕು. ಹಾಗೆ ಹುಡುಕುವುದನ್ನೇ ಬದುಕಿನ ಕೆಲಸ ಮಾಡಿಕೊಂಡ, ಅದಕ್ಕೆ ಬೆಲೆಯನ್ನೂ ತೆತ್ತ ಒಬ್ಬರ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ಆಗಸ್ಟಸ್ ಡಿ ಮಾರ್ಗನ್. ಗಣಗಳ ಪಾಠದಲ್ಲಿ ಎರಡು ಸಾಲಿನ ನಿಯಮವಾಗಿ ಅವರು ನಮಗೆಲ್ಲ ಪರಿಚಿತರು. ಆ ನಿಯಮವನ್ನು ಬಾಯಿಪಾಠ ಮಾಡಿದ ನಮಗೆ, ಅವರು ಹುಟ್ಟಿದ್ದು ಇಲ್ಲೇ, ಚೆನ್ನೈನಿಂದ ಒಂದು ರಾತ್ರಿಯ ರೈಲಿನಷ್ಟು ದೂರದ ಮಧುರೆಯಲ್ಲಿ ಅಂತ ಮಾತ್ರ ಯಾರೂ ಹೇಳಿರಲಿಲ್ಲ.

ತಮ್ಮ ಹುಟ್ಟಿದ ವರ್ಷವನ್ನು ಡಿ ಮಾರ್ಗನ್ ಒಂದು ಲೆಕ್ಕವಾಗಿ ಹೇಳುತ್ತಿದ್ದರಂತೆ. ಒಂದು ಸಂಖ್ಯೆಯ ವರ್ಗ ಯಾವ ಇಸವಿಯೋ ಆ ಇಸವಿಯಲ್ಲಿ ಅವರ ವಯಸ್ಸು ಆ ಸಂಖ್ಯೆಯಷ್ಟೇ ಇತ್ತು. 43ರ ವರ್ಗ 1849. ಆ ವರ್ಷ ಅವರಿಗೆ 43. ಅಂದರೆ ಹುಟ್ಟಿದ್ದು 1806. ಆದರೆ ಬರೀ ಲೆಕ್ಕ ನೋಡಿದರೆ 42 ಕೂಡ ಹೊಂದುತ್ತದೆ, ಆಗ ಇಸವಿ 1764; 44 ಕೂಡ ಹೊಂದುತ್ತದೆ, ಆಗ ಇಸವಿ 1936. ಹಾಗಿದ್ದೂ ನಾವು 43ನ್ನೇ ಯಾಕೆ ಆರಿಸುತ್ತೇವೆ? ಲೆಕ್ಕ ಹೇಳುತ್ತಿರುವವರು ಹತ್ತೊಂಬತ್ತನೇ ಶತಮಾನದ ನಡುವೆ ಬದುಕಿದ್ದವರು ಅನ್ನೋದನ್ನು ಹೇಳದೆಯೇ ಸೇರಿಸಿಕೊಂಡಿರುತ್ತೇವೆ. ನಮ್ಮ ಕಾಲದಲ್ಲಿ ಇದೇ ಲೆಕ್ಕ ಹೇಳುವ ಅದೃಷ್ಟ 1980ರಲ್ಲಿ ಹುಟ್ಟಿದವರಿಗೆ ಬಂತು. 2025ರಲ್ಲಿ ಅವರಿಗೆ 45 ತುಂಬಿತು.

1806ರ ಜೂನ್ 27ರಂದು ಮಗು ಹುಟ್ಟಿತು. ತಂದೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಅಧಿಕಾರಿ. ಹುಟ್ಟಿದ ಸ್ವಲ್ಪ ದಿನಕ್ಕೇ ಮಗುವಿನ ಬಲಗಣ್ಣಿನ ದೃಷ್ಟಿ ಹೋಯಿತು. ಏಳು ತಿಂಗಳಾದಾಗ ಮನೆಯವರು ಇಂಗ್ಲೆಂಡಿಗೆ ಕರೆದುಕೊಂಡು ಹೋದರು. ತಂದೆ 1816ರಲ್ಲಿ ಇಂಡಿಯಾದಿಂದ ಊರಿಗೆ ಮರಳುವಾಗ ಹಡಗಿನಲ್ಲೇ ತೀರಿಕೊಂಡರು. ಶಾಲೆಯಲ್ಲಿ ಕೆಲವು ತುಂಟರು ಹುಡುಗನ ಕಾಣದ ಕಣ್ಣಿನ ಕಡೆಯಿಂದ ಸದ್ದಿಲ್ಲದೆ ಬಂದು ಕೆನ್ನೆಯ ಹತ್ತಿರ ಚೂರಿಯ ಮೊನೆ ಹಿಡಿದು ಹೆಸರು ಕೂಗುತ್ತಿದ್ದರಂತೆ, ತಿರುಗಿದರೆ ಚುಚ್ಚಲಿ ಅಂತ. ಹೀಗೆ ಕಾಡಿದವನೊಬ್ಬನನ್ನು ಒಂದು ದಿನ ಅವನು ಹಿಡಿದು ಚೆನ್ನಾಗಿ ಬಾರಿಸಿದ.

ಗಣಿತ ಅವನ ತಾಯಿಯ ಕಡೆಯಿಂದ ಬಂದದ್ದು. ಮುತ್ತಜ್ಜ ಜೇಮ್ಸ್ ಡಾಡ್ಸನ್ ಗಣಿತದ ಮೇಷ್ಟ್ರು. ಕಾಮರ್ಸ್ ಓದುವ ನಾವು ಈ ಡಾಡ್ಸನ್‌ಗೆ ಒಂದು ನಮಸ್ಕಾರ ಹೇಳಬೇಕು. ವಯಸ್ಸು ಹೆಚ್ಚಾಯಿತು ಅಂತ ಒಂದು ವಿಮಾ ಸಂಸ್ಥೆ ಅವನನ್ನು ಸೇರಿಸಿಕೊಳ್ಳಲಿಲ್ಲ. ಆಗ ಅವನು, ಸೇರುವಾಗಿನ ವಯಸ್ಸಿಗೆ ತಕ್ಕಂತೆ ಕಂತು ನಿಗದಿ ಮಾಡಿದರೆ ಯಾರನ್ನೂ ಹೊರಗಿಡಬೇಕಾಗಿಲ್ಲ ಅಂತ ಲೆಕ್ಕ ಹಾಕಿ ತೋರಿಸಿದ. ಅವನು ಸತ್ತ ಮೇಲೆ 1762ರಲ್ಲಿ ಲಂಡನ್ನಿನಲ್ಲಿ ಶುರುವಾದ ಈಕ್ವಿಟಬಲ್ ಸೊಸೈಟಿ ಆ ಲೆಕ್ಕದ ಮೇಲೇ ನಿಂತಿತು. ಇಷ್ಟಾದರೂ ಡಿ ಮಾರ್ಗನ್ ಮನೆಯ ಹಿರಿಯರಿಗೆ ಆ ಮೇಷ್ಟ್ರ ಹೆಸರೆತ್ತಲು ಸಂಕೋಚ. ಪಾಠ ಹೇಳಿ ಹೊಟ್ಟೆ ಹೊರೆದವನು ದೊಡ್ಡ ಮನುಷ್ಯನಲ್ಲ ಅನ್ನೋದು ಅವರ ಮನಸ್ಸಿನೊಳಗಿನ ಗೃಹೀತ.

ಹುಡುಗನಿಗೆ ಹದಿನಾಲ್ಕಾದಾಗ ಮನೆಗೆ ಬಂದ ಸ್ನೇಹಿತರೊಬ್ಬರು ಅವನು ಸ್ಕೇಲು, ಕೈವಾರ ಹಿಡಿದು ಯೂಕ್ಲಿಡ್‌ನ ಚಿತ್ರವನ್ನು ಬಲು ಅಂದವಾಗಿ ಬಿಡಿಸುತ್ತಿರುವುದನ್ನು ಕಂಡರು. ಚಿತ್ರ ಮುಖ್ಯವಲ್ಲ, ಚಿತ್ರದ ಹಿಂದಿನ ಸಾಧನೆ ಮುಖ್ಯ ಅಂತ ಅವರು ತಿಳಿಸಿಕೊಟ್ಟರು. ಅಲ್ಲಿಂದ ಹುಡುಗನ ದಾರಿ ಬದಲಾಯಿತು.

1823ರಲ್ಲಿ, ಹದಿನಾರನೇ ವಯಸ್ಸಿನಲ್ಲಿ, ಅವನು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಸೇರಿದ. 1827ರಲ್ಲಿ ಗಣಿತದ ಪದವಿ ಪರೀಕ್ಷೆಯಲ್ಲಿ ನಾಲ್ಕನೇ ಸ್ಥಾನ ಬಂತು. ಮುಂದಿನ ದಾರಿ ಸಲೀಸಾಗಿತ್ತು. ಎಂ.ಎ. ಮಾಡುವುದು, ಫೆಲೋ ಆಗುವುದು, ಅಲ್ಲೇ ಪಾಠ ಹೇಳಿಕೊಂಡು ಇದ್ದುಬಿಡುವುದು. ಆದರೆ ಎಂ.ಎ. ಬೇಕಾದರೆ ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು. ಇಂಗ್ಲೆಂಡಿನ ಚರ್ಚಿನ ಧರ್ಮಸೂತ್ರಗಳನ್ನು ನಾನು ಒಪ್ಪಿದ್ದೇನೆ ಅನ್ನುವ ಕಾಗದ. ಅವನು ನಾಸ್ತಿಕನಲ್ಲ. ಅದೇ ಚರ್ಚಿನಲ್ಲಿ ಬೆಳೆದವನು, ಮಗ ಪಾದ್ರಿಯಾಗಲಿ ಅಂತ ತಾಯಿಗೆ ಆಸೆ ಬೇರೆ. ಸಹಿ ಹಾಕಿದವರೆಲ್ಲ ಅದನ್ನು ಓದಿ ನಂಬಿಯೇ ಹಾಕಿದ್ದರು ಅಂತೇನೂ ಅಲ್ಲ. ಹಾಕಿದ್ದರೆ ಯಾರೂ ಒಂದು ಪ್ರಶ್ನೆ ಕೇಳುತ್ತಿರಲಿಲ್ಲ. ಅವನು ಹಾಕಲಿಲ್ಲ. ಎಂ.ಎ. ಹೋಯಿತು, ಫೆಲೋಷಿಪ್ಪೂ ಹೋಯಿತು.

ಈ ಜಾಗದಲ್ಲಿ ನಾನು ತುಂಬ ಹೊತ್ತು ನಿಂತು ಯೋಚಿಸಿದ್ದೇನೆ. ಗಣಿತ ಕಲಿಸಲು ಇಂಥ ಮತದವನೇ ಆಗಿರಬೇಕು ಅನ್ನೋದು ಎಲ್ಲೂ ಸಾಧಿಸಿದ ಮಾತಲ್ಲ. ಅದನ್ನು ದತ್ತದಲ್ಲಿ ತುರುಕಿಟ್ಟಿದ್ದರು. ಇಪ್ಪತ್ತೊಂದು ವರ್ಷದ ಹುಡುಗನೊಬ್ಬ ಅದಕ್ಕೆ ಕೆಂಪು ಗೀಟು ಎಳೆದ. ನಮ್ಮದೇ ವಯಸ್ಸು!

ಹೊಟ್ಟೆಪಾಡಿಗೆ ಲಂಡನ್ನಿಗೆ ಬಂದು ಕಾನೂನು ಓದಲು ಹೊರಟ. ಅಷ್ಟರಲ್ಲಿ ಅಲ್ಲಿ ಒಂದು ಹೊಸ ವಿಶ್ವವಿದ್ಯಾಲಯ ಬಾಗಿಲು ತೆರೆಯುತ್ತಿತ್ತು. ಅಲ್ಲಿ ಮತದ ಪ್ರಶ್ನೆಯೇ ಇಲ್ಲ, ವಿದ್ಯಾರ್ಥಿಗೂ ಇಲ್ಲ, ಮೇಷ್ಟ್ರಿಗೂ ಇಲ್ಲ. ದೇವರಿಲ್ಲದ ಕಾಲೇಜು ಅಂತ ವಿರೋಧಿಗಳು ಹೀಯಾಳಿಸುತ್ತಿದ್ದರು. 1828ರಲ್ಲಿ ಅಲ್ಲಿನ ಮೊದಲ ಗಣಿತ ಪ್ರಾಧ್ಯಾಪಕನಾಗಿ ಡಿ ಮಾರ್ಗನ್ ಆಯ್ಕೆಯಾದ. ಇನ್ನು ಮುಂದೆ ನಾನೂ ಅವರು ಅಂತಲೇ ಬರೆಯಬೇಕು, ಮೇಷ್ಟ್ರಾದರಲ್ಲ!

ಮೂರೇ ವರ್ಷಕ್ಕೆ, 1831ರಲ್ಲಿ, ಅವರು ಆ ಕೆಲಸ ಬಿಟ್ಟರು. ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರೊಬ್ಬರನ್ನು ಆಡಳಿತ ಮಂಡಳಿ ಸರಿಯಾದ ಕಾರಣ ಕೊಡದೆ ತೆಗೆದುಹಾಕಿತು. ಅದು ಡಿ ಮಾರ್ಗನ್ನರ ಮೇಲೆ ಬಂದ ತೊಂದರೆಯೇ ಅಲ್ಲ. ಆದರೆ ಕಾರಣ ಹೇಳದೆ ತೆಗೆಯಬಹುದು ಅಂತಾದರೆ ಮೇಷ್ಟ್ರು ಅಂದರೆ ಮಂಡಳಿಯ ಮರ್ಜಿಯ ಆಳು ಅಂತ ಒಪ್ಪಿದ ಹಾಗಾಯಿತು. ಅದನ್ನು ಅವರು ಒಪ್ಪಲಿಲ್ಲ. ಐದು ವರ್ಷದ ಮೇಲೆ, ಅವರ ಜಾಗಕ್ಕೆ ಬಂದಿದ್ದವರು ನೀರಿನಲ್ಲಿ ಮುಳುಗಿ ತೀರಿಕೊಂಡಾಗ, ಕಾಲೇಜು ಮತ್ತೆ ಕರೆಯಿತು. ಅವರು ಬಂದರು, ಮುಂದೆ ಮೂವತ್ತು ವರ್ಷ ಪಾಠ ಹೇಳಿದರು. ಪರೀಕ್ಷೆಗಾಗಿ ಉರು ಹೊಡೆಸುವುದೆಂದರೆ ಅವರಿಗೆ ಆಗುತ್ತಿರಲಿಲ್ಲ. ಸಾಮಾನ್ಯ ಜನರಿಗಾಗಿ ಬರುತ್ತಿದ್ದ ಪೆನ್ನಿ ಸೈಕ್ಲೋಪೀಡಿಯಾ ವಿಶ್ವಕೋಶಕ್ಕೆ 700ಕ್ಕೂ ಹೆಚ್ಚು ಲೇಖನ ಬರೆದರು. ವಿಮಾ ಕಂಪನಿಗಳಿಗೆ ಲೆಕ್ಕದ ಸಲಹೆ ಕೊಟ್ಟು ನಾಲ್ಕು ಕಾಸು ಸಂಪಾದಿಸಿದರು, ಮುತ್ತಜ್ಜನ ವೃತ್ತಿ ಬಿಡಲಿಲ್ಲ.

ಇನ್ನು ಅವರ ತರ್ಕಕ್ಕೆ ಬರೋಣ. 1847ರಲ್ಲಿ ಫಾರ್ಮಲ್ ಲಾಜಿಕ್ ಎಂಬ ಅವರ ಪುಸ್ತಕ ಬಂತು. ಅದುವರೆಗೆ ಎರಡು ಸಾವಿರ ವರ್ಷ ಯುರೋಪಿನಲ್ಲಿ ತರ್ಕವೆಂದರೆ ಅರಿಸ್ಟಾಟಲ್ ಹಾಕಿಕೊಟ್ಟ ಪಟ್ಟಿ. ಎಲ್ಲ ಮನುಷ್ಯರೂ ಸಾಯುವವರು, ಸಾಕ್ರಟೀಸ್ ಮನುಷ್ಯ, ಆದ್ದರಿಂದ ಸಾಕ್ರಟೀಸ್ ಸಾಯುವವನು ಅನ್ನುವ ಜಾತಿಯದು. ಡಿ ಮಾರ್ಗನ್ ಬಹಳ ಸಣ್ಣ ಪ್ರಶ್ನೆ ಎತ್ತಿದರು. ಕುದುರೆ ಒಂದು ಪ್ರಾಣಿ. ಆದ್ದರಿಂದ ಕುದುರೆಯ ತಲೆ ಪ್ರಾಣಿಯ ತಲೆ. ಹಳ್ಳಿಯ ಮಗುವೂ ಇದನ್ನು ಒಪ್ಪುತ್ತದೆ. ಆದರೆ ಹಳೆಯ ತರ್ಕದ ಪಟ್ಟಿಯಲ್ಲಿ ಇದನ್ನು ಸಾಧಿಸಲು ಜಾಗವೇ ಇಲ್ಲ! ಯಾಕೆ? ತಲೆ ಅನ್ನೋದು ಯಾವುದೋ ಒಂದರ ತಲೆ. ಒಂದಕ್ಕೂ ಇನ್ನೊಂದಕ್ಕೂ ಇರುವ ಆ ಸಂಬಂಧವನ್ನು ಹಳೆಯ ತರ್ಕ ಲೆಕ್ಕಕ್ಕೇ ತಗೊಂಡಿರಲಿಲ್ಲ. ಎಲ್ಲರೂ ಅದನ್ನು ಹೇಳದೆ ಬಳಸುತ್ತಿದ್ದರು. 1860ರಲ್ಲಿ ಓದಿದ ಪ್ರಬಂಧವೊಂದರಲ್ಲಿ ಅವರು ಸಂಬಂಧಗಳಿಗೇ ಒಂದು ತರ್ಕ ಕಟ್ಟಲು ಶುರುಮಾಡಿದರು.

ಇನ್ನೊಂದು ಅವರ ಮೆಚ್ಚಿನ ವಿಷಯ, ಬಹುಪಾಲು ಅನ್ನುವ ಪದ. ಹಳೆಯ ತರ್ಕಕ್ಕೆ ಎಲ್ಲ ಮತ್ತು ಕೆಲವು ಮಾತ್ರ ಗೊತ್ತಿತ್ತು. ನಮ್ಮ ತರಗತಿಯನ್ನೇ ತಗೊಳ್ಳಿ. 50 ಜನ. 30 ಜನರ ಹತ್ತಿರ ಲೋಕಲ್ ರೈಲಿನ ಸೀಸನ್ ಟಿಕೆಟ್ ಇದೆ, 28 ಜನ ಮನೆಯಿಂದ ಊಟದ ಡಬ್ಬಿ ತರುತ್ತಾರೆ. ಒಬ್ಬರನ್ನೂ ವಿಚಾರಿಸದೆ ಹೇಳಬಹುದು, ಎರಡೂ ಇರುವವರು ಕಡಿಮೆಯೆಂದರೆ 8 ಜನ. 30 ಮತ್ತು 28 ಕೂಡಿಸಿದರೆ 58, ಇರುವವರು 50. ಇಲ್ಲೂ ಒಂದು ಗೃಹೀತ ಅಡಗಿದೆ ನೋಡಿ. ಎರಡು ಎಣಿಕೆಯೂ ಅದೇ 50 ಜನರದು. ಬಹುಪಾಲು ಹುಡುಗರು ಸೀಸನ್ ಟಿಕೆಟ್ ಇಟ್ಟಿದ್ದಾರೆ, ಬಹುಪಾಲು ಹುಡುಗಿಯರು ಡಬ್ಬಿ ತರುತ್ತಾರೆ ಅಂದರೆ ಏನನ್ನೂ ಸಾಧಿಸಲಾಗುವುದಿಲ್ಲ. ಪತ್ರಿಕೆಯಲ್ಲಿ ಬರುವ ಎಷ್ಟೋ ಅಂಕಿಸಂಖ್ಯೆಯ ವಾದಗಳು ಈ ಒಂದೇ ಜಾಗದಲ್ಲಿ ಮುರಿದುಬೀಳುತ್ತವೆ.

ಮೂರನೆಯದು, ಅವರು ತರ್ಕಕ್ಕೆ ತಂದ ಪ್ರಪಂಚ ಅನ್ನುವ ಮಾತು. ನಾವು ಯಾವುದರ ಬಗ್ಗೆ ಮಾತಾಡುತ್ತಿದ್ದೇವೋ ಅದರ ಎಲ್ಲೆಯೇ ಆ ಮಾತಿನ ಪ್ರಪಂಚ. ನೋಟಿಸ್ ಬೋರ್ಡಿನ ಪಟ್ಟಿಯಲ್ಲಿ ಹೆಸರಿಲ್ಲದವರೆಲ್ಲ ಫೇಲು ಅಂತೀವಿ. ಪರೀಕ್ಷೆಗೇ ಕೂರದವನ ಹೆಸರೂ ಪಟ್ಟಿಯಲ್ಲಿ ಇಲ್ಲ, ಕ್ಯಾಂಟೀನಿನ ಮಾಣಿಯ ಹೆಸರೂ ಇಲ್ಲ. ಅವರು ಫೇಲಾದರೇ? ಇಲ್ಲ. ಪರೀಕ್ಷೆ ಬರೆದವರು ಮಾತ್ರ ಅನ್ನುವ ಎಲ್ಲೆಯನ್ನು ಬಾಯಿಬಿಟ್ಟು ಹೇಳದೆ ಹಾಕಿಕೊಂಡಿರುತ್ತೇವೆ. ಎಲ್ಲೆ ಯಾವುದು ಅಂತ ಮೊದಲು ಹೇಳಿ, ಆಮೇಲೆ ಇಲ್ಲ ಅನ್ನಿ ಅನ್ನೋದು ಡಿ ಮಾರ್ಗನ್ನರ ಪಾಠ. ನಾವು ಉರು ಹೊಡೆದ ನಿಯಮವೂ ಇಲ್ಲ ಅನ್ನುವುದರದ್ದೇ. ಗುರುತಿನ ಚೀಟಿಯೂ ಶುಲ್ಕದ ರಸೀದಿಯೂ ಎರಡೂ ಇವೆ ಅನ್ನುವುದು ಸುಳ್ಳಾದರೆ, ಎರಡೂ ಇಲ್ಲ ಅಂತ ಅರ್ಥವಲ್ಲ. ಇದಿಲ್ಲ ಅಥವಾ ಅದಿಲ್ಲ ಅಂತ ಅಷ್ಟೇ ಅರ್ಥ. ಮಧ್ಯಯುಗದ ತರ್ಕಪಂಡಿತರಿಗೂ ಇದು ಗೊತ್ತಿತ್ತು. ಅದಕ್ಕೆ ಗಣಿತದ ರೂಪ ಬಂದ ಕಾಲದಲ್ಲಿ ಡಿ ಮಾರ್ಗನ್ನರ ಹೆಸರು ನಿಂತಿತು.

ಲಿವರ್‌ಪೂಲಿನ ವ್ಯಾಪಾರಿ ಜೇಮ್ಸ್ ಸ್ಮಿತ್ ಎಂಬಾತ ಅವರಿಗೆ ಕೊಟ್ಟ ಕಾಟವೂ ಸ್ವಾರಸ್ಯವಾಗಿದೆ. ವೃತ್ತದ ಪರಿಧಿ ವ್ಯಾಸದ ಸರಿಯಾಗಿ ಮೂರೂ ಒಂದು ಎಂಟನೇ ಭಾಗ, ಅಂದರೆ 3.125 ಪಟ್ಟು ಅಂತ ಅವನ ಹಟ. ನಿಜವಾದ ಬೆಲೆ 3.14159ರ ಹತ್ತಿರ. 1000 ಅಡಿ ವ್ಯಾಸದ ಕೆರೆಗೆ ಬೇಲಿ ಹಾಕಿಸಿದರೆ ಸ್ಮಿತ್‌ನ ಬೇಲಿ 16 ಅಡಿಗೂ ಹೆಚ್ಚು ಸಾಲದೆ ಬರುತ್ತದೆ. ಡಿ ಮಾರ್ಗನ್ ಅವನ ಸಾಧನೆಯನ್ನು ಬಿಚ್ಚಿ ತೋರಿಸಿದರು. ಮೊದಲು 3.125 ಸರಿ ಅಂತ ಇಟ್ಟುಕೊಳ್ಳುವುದು, ಆಮೇಲೆ ಬೇರೆ ಬೆಲೆಗಳೆಲ್ಲ ಇದಕ್ಕೆ ಹೊಂದುವುದಿಲ್ಲ ಅಂತ ತೋರಿಸುವುದು, ಕೊನೆಗೆ 3.125 ಸರಿಯೆಂದು ಸಾರುವುದು! ಸಾಧನೀಯವನ್ನೇ ದತ್ತದಲ್ಲಿ ಬರೆದ ಹಾಗೆ. ಇಂಥವರ ಬಗ್ಗೆ ಡಿ ಮಾರ್ಗನ್ ಪತ್ರಿಕೆಯಲ್ಲಿ ಬರೆದ ಲೇಖನಗಳನ್ನು ಅವರ ಪತ್ನಿ ಸೋಫಿಯಾ 1872ರಲ್ಲಿ ಪುಸ್ತಕವಾಗಿ ತಂದರು. ಎ ಬಜೆಟ್ ಆಫ್ ಪ್ಯಾರಡಾಕ್ಸಸ್ ಅಂತ ಅದರ ಹೆಸರು.

ಎಲ್ಲರಿಗೂ ಸರಿ ಅನ್ನಿಸುವುದು ಬೇರೆ, ಸಾಧಿಸಿದ್ದು ಬೇರೆ. 1852ರಲ್ಲಿ ಒಬ್ಬ ವಿದ್ಯಾರ್ಥಿ ತನ್ನ ಅಣ್ಣನ ಪ್ರಶ್ನೆಯೊಂದನ್ನು ತಂದ. ಯಾವ ನಕ್ಷೆಗಾದರೂ ಅಕ್ಕಪಕ್ಕದ ನಾಡುಗಳಿಗೆ ಬೇರೆ ಬೇರೆ ಬಣ್ಣ ಬರುವಂತೆ ಬಳಿಯಲು ನಾಲ್ಕು ಬಣ್ಣ ಸಾಕೇ? ಸಾಕು ಅಂತ ಕಾಣುತ್ತದೆ. ಆದರೆ ಅವರು ಅದನ್ನು ಹಾಗೇ ನುಂಗಲಿಲ್ಲ, ಡಬ್ಲಿನ್ನಿನ ಗಣಿತಜ್ಞ ಹ್ಯಾಮಿಲ್ಟನ್ನರಿಗೆ ಬರೆದು ಕೇಳಿದರು. ಸಾಕು ಅಂತ ಸಾಧಿಸಿದ್ದು 1976ರಲ್ಲಿ, ಅದೂ ಕಂಪ್ಯೂಟರ್ ಹಚ್ಚಿ.

ಹುಟ್ಟಿದ ನಾಡಿನ ಋಣವನ್ನೂ ಅವರು ಮರೆಯಲಿಲ್ಲ. ದೆಹಲಿ ಕಾಲೇಜಿನ ಗಣಿತದ ಮೇಷ್ಟ್ರು ರಾಮಚಂದ್ರ 1850ರಲ್ಲಿ ಕಲ್ಕತ್ತೆಯಲ್ಲಿ ಅಚ್ಚುಹಾಕಿಸಿದ ಪುಸ್ತಕ ಅವರ ಕೈಗೆ ಬಂತು. ಕಲನಶಾಸ್ತ್ರ ಬಳಸದೆ ಬೀಜಗಣಿತದಿಂದಲೇ ಗರಿಷ್ಠ, ಕನಿಷ್ಠ ಬೆಲೆಗಳನ್ನು ಕಂಡುಹಿಡಿಯುವ ಪುಸ್ತಕ ಅದು. ಕಂಪನಿಯ ದೊಡ್ಡವರಿಗೆ ಹೇಳಿ, ತಾವೇ ಮುನ್ನುಡಿ ಬರೆದು, 1859ರಲ್ಲಿ ಅದು ಲಂಡನ್ನಿನಲ್ಲಿ ಮತ್ತೆ ಅಚ್ಚಾಗುವಂತೆ ನೋಡಿಕೊಂಡರು. ದಂಗೆಯ ಗಾಯ ಇನ್ನೂ ಹಸಿಯಾಗಿದ್ದ ಕಾಲ ಅದು. ಗಣಿತವನ್ನು ಕಟ್ಟಿದ ಸಂಸ್ಕೃತದವರು ಮತ್ತು ಗ್ರೀಕರೇ ತರ್ಕವನ್ನೂ ಸ್ವತಂತ್ರವಾಗಿ ಕಟ್ಟಿದವರು ಅಂತ ಅವರು ಬರೆದರು. ನಮ್ಮ ನ್ಯಾಯಶಾಸ್ತ್ರದಲ್ಲಿ ಅನುಮಾನಕ್ಕೆ ಐದು ಅವಯವ. ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆ ಕಾಣುವುದರಿಂದ ಅಂದರೆ ಸಾಲದು. ಹೊಗೆ ಇರುವಲ್ಲೆಲ್ಲ ಬೆಂಕಿ ಇರುತ್ತದೆ, ಅಡಿಗೆಮನೆಯಲ್ಲಿ ಹೇಗೋ ಹಾಗೆ ಅಂತ ಬಾಯಿಬಿಟ್ಟು ಹೇಳಬೇಕು. ಅಡಗಿಸಿಡಲು ಬಿಡದ ಶಾಸ್ತ್ರ!

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಮಾತು ಹೇಳದೆ ಬಿಟ್ಟರೆ ನಾನೂ ಅಡಗಿಸಿಟ್ಟಂತಾಗುತ್ತದೆ. ಕವಿ ಬೈರನ್ನನ ಮಗಳು ಏಡಾ ಲವ್‌ಲೇಸ್ ಅವರ ಹತ್ತಿರ ಕಾಗದದ ಮೂಲಕ ಗಣಿತ ಕಲಿತವಳು. ಆಕೆಯ ಬುದ್ಧಿಶಕ್ತಿಯನ್ನು ಅವರು ಮನಸಾರೆ ಮೆಚ್ಚಿದ್ದರು. ಹಾಗಿದ್ದೂ 1844ರಲ್ಲಿ ಆಕೆಯ ತಾಯಿಗೆ ಬರೆದ ಕಾಗದದಲ್ಲಿ, ಇಂಥ ಆಳವಾದ ಚಿಂತನೆಯ ಒತ್ತಡವನ್ನು ಹೆಣ್ಣಿನ ದೇಹ ತಾಳಲಾರದು ಅಂತ ಆತಂಕ ತೋಡಿಕೊಂಡರು. ಊರಿನವರೆಲ್ಲರ ಗೃಹೀತ ಹುಡುಕಿದವರಿಗೆ ತಮ್ಮದು ಕಾಣಲಿಲ್ಲ. ಮುಂದೆ 1849ರಲ್ಲಿ ಲಂಡನ್ನಿನಲ್ಲಿ ಹೆಣ್ಣುಮಕ್ಕಳಿಗಾಗಿ ಕಾಲೇಜು ಶುರುವಾದಾಗ ಅಲ್ಲಿ ಮೊದಲ ವರ್ಷ ಪಾಠ ಹೇಳಿದವರೂ ಅವರೇ ಅನ್ನೋದನ್ನೂ ಸೇರಿಸಬೇಕು. ನಮ್ಮ ತರಗತಿಯಲ್ಲಿ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ನಮ್ಮನ್ನೆಲ್ಲ ಹಿಂದೆ ಹಾಕುವ ಹುಡುಗಿಯರು ಇದನ್ನು ಓದಿ ನಗಲಿ.

ಕೊನೆಯ ಪರೀಕ್ಷೆ 1866ರಲ್ಲಿ ಬಂತು. ಕಾಲೇಜಿನಲ್ಲಿ ತರ್ಕ ಮತ್ತು ಮನಶ್ಶಾಸ್ತ್ರದ ಪ್ರಾಧ್ಯಾಪಕರ ಜಾಗ ಖಾಲಿಯಾಗಿತ್ತು. ಜೇಮ್ಸ್ ಮಾರ್ಟಿನೊ ಅರ್ಹರು. ಆದರೆ ಅವರು ಯೂನಿಟೇರಿಯನ್ ಪಂಥದ ಹೆಸರಾಂತ ಪಾದ್ರಿ, ಅದು ಕಾಲೇಜಿಗೆ ಒಳ್ಳೆಯದಲ್ಲ ಅಂತ ಮಂಡಳಿ ಬೇಡವೆಂದಿತು. ಮತ ಕೇಳುವುದಿಲ್ಲ ಅನ್ನುವ ಒಂದೇ ಮಾತಿನ ಮೇಲೆ ಕಟ್ಟಿದ ಕಾಲೇಜು ಅದು. ಮತದ ಕಾರಣಕ್ಕೆ ಬೇಡ ಅಂದರೆ, ಮತ ಕೇಳಿದಂತೆಯೇ ಅಲ್ಲವೇ? ಸಹಿಯ ಕಾಗದ ಕೇಂಬ್ರಿಜ್‌ನಲ್ಲಿ ಮೇಜಿನ ಮೇಲಿತ್ತು, ಇಲ್ಲಿ ಮೇಜಿನ ಡ್ರಾಯರ್‌ನಲ್ಲಿತ್ತು ಅಷ್ಟೇ. ಅರುವತ್ತರ ಹೊಸ್ತಿಲಲ್ಲಿ, ಮೂವತ್ತು ವರ್ಷ ದುಡಿದ ಕಾಲೇಜನ್ನು ಡಿ ಮಾರ್ಗನ್ ಎರಡನೇ ಸಲ ಬಿಟ್ಟು ಹೊರಗೆ ಬಂದರು.

ಆಮೇಲಿನ ದಿನಗಳು ಕಷ್ಟದವು. ಹಿಂದಿನ ವರ್ಷವಷ್ಟೇ, 1865ರಲ್ಲಿ, ಅವರ ಮಗ ಜಾರ್ಜ್ ಮತ್ತು ಅವನ ಗೆಳೆಯ ಸೇರಿ ಲಂಡನ್ ಗಣಿತ ಸಂಘ ಕಟ್ಟಿದ್ದರು, ತಂದೆಯೇ ಮೊದಲ ಅಧ್ಯಕ್ಷರು. ಆ ಮಗ 1867ರಲ್ಲಿ ತೀರಿಕೊಂಡ. ಒಬ್ಬ ಮಗಳೂ ಹೋದಳು. ಅವರು ಮತ್ತೆ ಚೇತರಿಸಿಕೊಳ್ಳಲಿಲ್ಲ. 1871ರ ಮಾರ್ಚ್ 18ರಂದು ಪ್ರಾಣ ಬಿಟ್ಟರು. ಪೌಂಡು, ಶಿಲಿಂಗ್, ಪೆನ್ಸ್‌ಗಳ ಗೋಜಲು ಬಿಟ್ಟು ದಶಮಾಂಶದ ನಾಣ್ಯ ತನ್ನಿ ಅಂತ ಅವರು ವರ್ಷಗಟ್ಟಲೆ ವಾದಿಸಿದ್ದರು. ಅವರು ಹುಟ್ಟಿದ ನಾಡಿಗೆ ಅದು 1957ರಲ್ಲಿ ನಯಾ ಪೈಸೆಯಾಗಿ ಬಂತು, ಅವರು ಬದುಕಿದ ನಾಡಿಗೆ 1971ರಲ್ಲಿ, ಅವರು ಸತ್ತ ನೂರನೇ ವರ್ಷಕ್ಕೆ.

ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಇನ್ನೊಂದು ತಾರೀಕು. 1871ರ ಜೂನ್ 16. ಅವರು ತೀರಿಕೊಂಡು ಮೂರು ತಿಂಗಳೂ ಆಗಿರಲಿಲ್ಲ. ಅಂದು ಬ್ರಿಟಿಷ್ ಪಾರ್ಲಿಮೆಂಟಿನ ಕಾಯಿದೆಯೊಂದು, ಆಕ್ಸ್‌ಫರ್ಡ್, ಕೇಂಬ್ರಿಜ್, ಡರಮ್ ವಿಶ್ವವಿದ್ಯಾಲಯಗಳಲ್ಲಿ ಪದವಿಗೂ ಫೆಲೋಷಿಪ್ಪಿಗೂ ಮತದ ಸಹಿ ಬೇಕಿಲ್ಲ ಅಂದಿತು. ಮತಶಾಸ್ತ್ರದ ಪದವಿಗಳನ್ನು ಮಾತ್ರ ಹೊರಗಿಟ್ಟರು. ಇಪ್ಪತ್ತೊಂದರ ಹುಡುಗ ಎಳೆದ ಕೆಂಪು ಗೀಟು ಸರಿ ಅಂತ ಒಪ್ಪಿಕೊಳ್ಳಲು ದೇಶಕ್ಕೆ ನಲವತ್ತನಾಲ್ಕು ವರ್ಷ ಬೇಕಾಯಿತು.

ಗೆಳೆಯರೇ, ಪರೀಕ್ಷೆಯಲ್ಲಿ ಅಡಗಿದ ಗೃಹೀತ ಗುರುತಿಸಿದರೆ ಒಂದು ಅಂಕ. ಅದೇ ಪರೀಕ್ಷೆಯ ಅರ್ಜಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ, ಮೇಲಿನ ಎಲ್ಲ ಷರತ್ತುಗಳನ್ನೂ ಓದಿ ಒಪ್ಪಿದ್ದೇನೆ ಅಂತ. ನಮ್ಮಲ್ಲಿ ಎಷ್ಟು ಜನ ಅದನ್ನು ಓದಿ ಸಹಿ ಹಾಕಿದ್ದೇವೆ? ಈ ಪ್ರಶ್ನೆಗೆ ಗೈಡಿನ ಕೊನೆಯ ಪುಟದಲ್ಲಿ ಉತ್ತರ ಕೊಟ್ಟಿಲ್ಲ.